ಚಿಲಮತ್ತೂರಿನ ಒಂದು ಮನೆಯಲ್ಲಿ ಎಷ್ಟೊಂದು ದೇಶ

ಬೆಂಗಳೂರಿನಿಂದ ಹೈದರಾಬಾದಿನ ಹೆದ್ದಾರಿ ಹಿಡಿದರೆ ಚಿಕ್ಕಬಳ್ಳಾಪುರ, ಪೇರೇಸಂದ್ರ, ಬಾಗೇಪಲ್ಲಿ ದಾಟಿದ ಮೇಲೆ ಕೊಡಿಕೊಂಡ ಬರುತ್ತದೆ. ಅದನ್ನು ಯಾರೂ ಬರೀ ಕೊಡಿಕೊಂಡ ಎನ್ನುವುದಿಲ್ಲ, ಕೊಡಿಕೊಂಡ ಚೆಕ್‌ಪೋಸ್ಟ್ ಎಂದೇ ಕರೆಯುತ್ತಾರೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಮಾರಾಟ ತೆರಿಗೆಗೆಂದು ಲಾರಿ ನಿಲ್ಲಿಸುವ ಕಾಲ ಮುಗಿಯಿತು. ಹೆಸರು ಮಾತ್ರ ಕಂಡಕ್ಟರುಗಳ ಬಾಯಲ್ಲಿ ಉಳಿದುಕೊಂಡಿದೆ. ಅಲ್ಲಿ ಎಡಕ್ಕೆ ತಿರುಗಿದರೆ ಚಿಲಮತ್ತೂರು, ಲೇಪಾಕ್ಷಿ, ಹಿಂದೂಪುರ. ಲೇಪಾಕ್ಷಿಯ ಬಸವಣ್ಣನನ್ನು ನೋಡಲು ಹೋಗುವವರಿಗೆ ಚಿಲಮತ್ತೂರು ಕಿಟಕಿಯಾಚೆ ಹಾದುಹೋಗುವ ಊರು. ನಾನು ಚಿಲಮತ್ತೂರಿಗೆಂದೇ ಇಳಿದೆ. ಗೆಳತಿಯ ತವರುಮನೆ ಅಲ್ಲಿದೆ. ‘ನಮ್ಮಮ್ಮ ಮನೆ ನಡೆಸೋದನ್ನ ನೀನೊಂದು ಸಲ ನೋಡಬೇಕು ಕಣೇ’ ಎಂದು ಅವಳು ಹೇಳುತ್ತಲೇ ಬಂದಿದ್ದಳು.

ಶಿವರಾತ್ರಿ ಕಳೆದು ಬಿಸಿಲು ಬಲಿಯುತ್ತಿತ್ತು. ನಾನು ಸಾಗರದ ಕಡೆಯವಳು. ಆಗುಂಬೆಯ ಮೇಲೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ ಜಿಲ್ಲೆಯಲ್ಲಿ ಬೆಳೆದವಳು. ಅನಂತಪುರ ಸೀಮೆಗೆ ವರ್ಷಕ್ಕೆ ಬೀಳುವುದು ಸುಮಾರು 550 ಮಿಲಿಮೀಟರ್. ಇಲ್ಲಿ ಹೊಲಕ್ಕೆ ಬೇಲಿ ಎಂದರೆ ಸಾಲಾಗಿ ನೆಟ್ಟ ಕಲ್ಲು ಚಪ್ಪಡಿ. ಗುಡ್ಡಗಳೆಲ್ಲ ಉರುಟು ಬಂಡೆ. ನಡುನಡುವೆ ಹುಣಸೆಮರಗಳು, ಅಲ್ಲಲ್ಲಿ ಕೊಳವೆಬಾವಿಯ ನೀರು ಕುಡಿದು ಹಸಿರಾದ ಹಿಪ್ಪುನೇರಳೆ ತೋಟ. ಇಷ್ಟು ಕಡಿಮೆ ನೀರಿನಲ್ಲಿ ಮನೆಗಳು ಹೇಗೆ ನಡೆಯುತ್ತವೆ ಎಂಬ ಪ್ರಶ್ನೆ ಬಸ್ಸಿಳಿಯುವ ಮೊದಲೇ ನನ್ನನ್ನು ಹಿಡಿದುಕೊಂಡಿತು.

ಮನೆ ಹಳೆಯ ಮಾಳಿಗೆ ಮನೆ. ದಪ್ಪ ಗೋಡೆ, ಮರದ ಜಂತೆ, ಮೇಲೆ ಮಣ್ಣು. ಹಿಂಭಾಗಕ್ಕೆ ಮಗ ಕಟ್ಟಿಸಿದ ಆರ್‌ಸಿಸಿಯ ಎರಡು ಕೋಣೆ. ಗೆಳತಿಯ ಅಜ್ಜಿ ಜಗಲಿಯ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದರು. ಈ ಮನೆ ನಿಂತಲ್ಲೇ ನಿಂತು ಎಷ್ಟೊಂದು ವಿಳಾಸ ಬದಲಿಸಿದೆ ಎಂದು ಆಮೇಲೆ ಯೋಚಿಸಿದೆ. 1882ಕ್ಕೆ ಮೊದಲು ಈ ಸೀಮೆಯೆಲ್ಲ ಬಳ್ಳಾರಿ ಜಿಲ್ಲೆ. ಆ ವರ್ಷ ಅನಂತಪುರ ಬೇರೆ ಜಿಲ್ಲೆಯಾಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಮೈಸೂರಿಗೆ ಬಂತು. ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗ, ರಾಯದುರ್ಗ ಆಂಧ್ರಕ್ಕೆ ಹೋದವು. 2022ರ ಏಪ್ರಿಲ್ 4ರಿಂದ ಚಿಲಮತ್ತೂರು ಶ್ರೀ ಸತ್ಯಸಾಯಿ ಜಿಲ್ಲೆಯ ಮಂಡಲ. ಅಜ್ಜಿ ಹುಟ್ಟಿದ್ದು ಮದ್ರಾಸ್ ಪ್ರಾಂತ್ಯದಲ್ಲಿ. ಮೊಮ್ಮಗಳು ಓದಿದ್ದು ಬೆಂಗಳೂರಿನಲ್ಲಿ.

ಗೆಳತಿಯ ತಾಯಿಯನ್ನು ನಾನೂ ಅಮ್ಮ ಎಂದೇ ಕರೆದೆ. ಅವರು ಮಡಕಶಿರಾದ ಹೆಣ್ಣುಮಗಳು, ಮನೆಮಾತು ಕನ್ನಡ, ಕಲಿತದ್ದು ಕನ್ನಡ ಶಾಲೆಯಲ್ಲಿ. ಆಂಧ್ರದಲ್ಲಿದ್ದರೂ ಆ ಭಾಗದಲ್ಲಿ ಇವತ್ತಿಗೂ ಕನ್ನಡ ಮಾಧ್ಯಮದ ಶಾಲೆಗಳಿವೆ. ಅವರ ಸೊಸೆ ಬಾಗೇಪಲ್ಲಿ ತಾಲ್ಲೂಕಿನವಳು, ಕರ್ನಾಟಕದವಳು. ಅವಳ ಮನೆಮಾತು ತೆಲುಗು. ಆಂಧ್ರದಲ್ಲಿ ಹುಟ್ಟಿದ ಅತ್ತೆ ಕನ್ನಡದಲ್ಲಿ ಕೇಳುತ್ತಾರೆ, ಕರ್ನಾಟಕದಲ್ಲಿ ಹುಟ್ಟಿದ ಸೊಸೆ ತೆಲುಗಿನಲ್ಲಿ ಹೇಳುತ್ತಾಳೆ. ನಡುವೆ ಕೂತ ಮಗುವಿಗೆ ಎರಡೂ ಒಂದೇ ಮಾತು. ಭೂಪಟದ ಮೇಲೆ ಗೆರೆ ಎಳೆದವರು ಈ ಅಡುಗೆಮನೆಯಲ್ಲಿ ಒಂದು ಹೊತ್ತು ಕೂತು ಎದ್ದಿದ್ದರೆ ಅವರ ಕೈ ಎಷ್ಟು ನಡುಗುತ್ತಿತ್ತೋ!

ಬೆಳಿಗ್ಗೆ ನಾನು ಮೊದಲು ಕಲಿತದ್ದು ನೀರಿನ ಲೆಕ್ಕ. ಹಿತ್ತಲಿನ ಸಿಮೆಂಟ್ ತೊಟ್ಟಿಯ ಬೋರ್ ನೀರು ಪಾತ್ರೆಗೆ, ಬಟ್ಟೆಗೆ, ದನಕ್ಕೆ. ಬಚ್ಚಲ ಬದಿಯ ಪ್ಲಾಸ್ಟಿಕ್ ಡ್ರಮ್ಮಿನ ನಲ್ಲಿ ನೀರು ಸ್ನಾನಕ್ಕೆ, ಬೇಳೆ ತೊಳೆಯುವುದಕ್ಕೆ. ಅಡುಗೆಕಟ್ಟೆಯ ಮೇಲಿನ ಇಪ್ಪತ್ತು ಲೀಟರ್ ಕ್ಯಾನು ಕುಡಿಯಲು ಮತ್ತು ಅನ್ನಕ್ಕೆ. ಕ್ಯಾನು ತುಂಬುವುದು ಬೀದಿ ಮೂಲೆಯ ನೀರಿನ ಘಟಕದಲ್ಲಿ, ನಾಣ್ಯ ಹಾಕಿ. ನಾನು ಗೊತ್ತಿಲ್ಲದೆ ಡ್ರಮ್ಮಿನ ಚೊಂಬನ್ನು ಕ್ಯಾನಿನ ಹತ್ತಿರ ಇಟ್ಟಾಗ ಸೊಸೆ ಏನೂ ಹೇಳದೆ ಅದನ್ನು ಎತ್ತಿ ಅದರ ಜಾಗದಲ್ಲಿಟ್ಟಳು. ಚಿಕ್ಕಬಳ್ಳಾಪುರ, ಕೋಲಾರ, ಅನಂತಪುರದ ಈ ಬಂಡೆನೆಲದ ಕೆಳಗಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲಿಗೆ ಕಂದು ಪಟ್ಟೆ, ಮೂಳೆಗೆ ನೋವು. 1990ರ ದಶಕದಲ್ಲಿ ಸತ್ಯಸಾಯಿ ಸಂಸ್ಥೆಯವರು ಅನಂತಪುರ ಜಿಲ್ಲೆಯ ಏಳುನೂರಕ್ಕೂ ಹೆಚ್ಚು ಹಳ್ಳಿಗಳಿಗೆ ಕುಡಿಯುವ ನೀರಿನ ಕೊಳವೆ ಹಾಕಿಸಿದರು. ಅಂಚೆ ಇಲಾಖೆ 1999ರಲ್ಲಿ ಅದರ ನೆನಪಿಗೆ ಸ್ಟಾಂಪು ಹೊರಡಿಸಿತು. ನೀರು ಬಂತು ಎಂಬುದಕ್ಕೆ ಸ್ಟಾಂಪು ಹೊರಡಿಸಬೇಕಾದ ಸೀಮೆ ಇದು. ಮಳೆಗಾಲದಲ್ಲಿ ಹಂಚಿನಿಂದ ಇಳಿಯುವ ನೀರಿಗೆ ಕೊಡ ಇಟ್ಟು, ತುಂಬಿ ಹರಿದರೂ ಎತ್ತಲು ಸೋಮಾರಿತನ ಮಾಡುವ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಈ ಮೂರು ಚೊಂಬುಗಳ ಶಿಸ್ತನ್ನು ಹೇಗೆ ತಿಳಿಸಲಿ!

ನೀರಿನ ಮಾತು ಬಂದಾಗ ಇನ್ನೊಂದು ಸಂಗತಿ ಹೇಳಬೇಕು. ಈ ಸೀಮೆಯ ಸಾರು ಹುಳಿಯ ಸಾರು. ಚಟ್ನಿಗೂ ಹುಣಸೆ, ಸೊಪ್ಪಿಗೂ ಹುಣಸೆ, ಹುರುಳಿಕಾಳಿಗೂ ಹುಣಸೆ. ಚಿಗುರು ಬಂದಾಗ ಚಿಗುರನ್ನೇ ಬೇಳೆಗೆ ಹಾಕಿ ಬೇಯಿಸುತ್ತಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಶಾಲೆಯ ಹುಡುಗರಿಗೆ ನಿತ್ಯ ಹತ್ತು ಗ್ರಾಂ ಹುಣಸೆಹಣ್ಣು ಕೊಟ್ಟು ನೋಡಿದಾಗ ಮೂತ್ರದಲ್ಲಿ ಹೊರಹೋಗುವ ಫ್ಲೋರೈಡ್ ಹೆಚ್ಚಿತ್ತು. ಓದಿದ್ದು ಎಲ್ಲೋ, ನೆನಪಾದದ್ದು ಅಮ್ಮ ಹುಣಸೆ ಕಿವುಚುತ್ತಿದ್ದ ಈ ಒಲೆಯ ಮುಂದೆ. ನಾನು ಅದನ್ನು ಹೇಳಿದಾಗ ಅಮ್ಮ ಕೈ ನಿಲ್ಲಿಸಲಿಲ್ಲ. ‘ಹುಳಿ ಇಲ್ದಿದ್ರೆ ಮುದ್ದೆ ಗಂಟ್ಲಲ್ಲಿ ಇಳೀತದಾ ಅಮ್ಮಯ್ಯಾ’ ಎಂದರು.

ಮುದ್ದೆಯೂ ಈ ಮನೆಯಲ್ಲಿ ಎರಡು ಬಗೆ. ಅಜ್ಜಿಗೆ ಅಕ್ಕಿ ಬೇಯಿಸಿ ಅದರ ಮೇಲೆ ರಾಗಿಹಿಟ್ಟು ಸುರಿದು ತಿರುವಿದ ಸಂಗಟಿ ಬೇಕು. ಸೊಸೆಗೆ ಬರೀ ರಾಗಿಯ ನುಣುಪು ಮುದ್ದೆ. 1983ರಲ್ಲಿ ಎನ್.ಟಿ. ರಾಮರಾವ್ ಕಿಲೋಗೆ ಎರಡು ರೂಪಾಯಿಯಂತೆ ಅಕ್ಕಿ ಕೊಟ್ಟರು. ಆಮೇಲೆ ಅವರು ಗೆದ್ದದ್ದೂ ಇದೇ ಹಿಂದೂಪುರದಿಂದ. ಅದಕ್ಕೆ ಮುಂಚೆ ಅಕ್ಕಿಯನ್ನ ಎಂದರೆ ಹಬ್ಬ, ಇಲ್ಲವೇ ಬಾಣಂತಿ ಎಂದು ಅಜ್ಜಿ ಹೇಳಿದರು. ನಮ್ಮ ಮಲೆನಾಡಿನಲ್ಲಿ ಬಡವರೂ ಗಂಜಿಯನ್ನೇ ಉಂಡವರು. ಅಕ್ಕಿಯನ್ನು ಹಾಗೆ ಕಣ್ಣರಳಿಸಿ ನೆನೆಯುವುದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಅಂಗಡಿಗೆ ಅಮ್ಮನ ಜೊತೆ ಹೋಗುವುದೇ ಒಂದು ಪಾಠ. ಬಸ್‌ ನಿಲ್ದಾಣದ ಹತ್ತಿರದ ಚಿಲ್ಲರೆ ಅಂಗಡಿ ಅದು. ಬಾಗಿಲಿಗೆ ತೋರಣದಂತೆ ಪ್ಯಾಕೆಟ್ಟಿನ ಸರಗಳು: ಶಾಂಪೂ, ಕಾಫಿಪುಡಿ, ತಲೆಗೆಣ್ಣೆ, ಸೋಪಿನಪುಡಿ, ಬಿರಿಯಾನಿ ಮಸಾಲೆ. ಕೆಳಗೆ ಗೋಣಿಗಳಲ್ಲಿ ಕಡ್ಲೆಪುರಿ, ಹುರಿಗಡಲೆ, ಬೆಲ್ಲ. ಪುರಿಯನ್ನು ಇನ್ನೂ ಸೇರಿನಲ್ಲೇ ಅಳೆಯುತ್ತಾರೆ. ತೂಕಕ್ಕೆ ಹಾಕಿದರೆ ಕೊಳ್ಳುವವರಿಗೆ ಸಮಾಧಾನವಿಲ್ಲ. ಅಳೆದ ಮೇಲೆ ಅಂಗಡಿಯಾತ ಇನ್ನೊಂದು ಹಿಡಿ ಹಾಕಬೇಕು, ಅದು ಹಕ್ಕು. ಫೋನಿನಲ್ಲಿ ಹಣ ಕಳಿಸಿದರೆ ಪೆಟ್ಟಿಗೆಯೊಳಗಿಂದ ಮಹೇಶ್ ಬಾಬು ತೆಲುಗಿನಲ್ಲಿ ಬಂದ ಹಣ ಹೇಳುತ್ತಾನೆ. ಅರ್ಧ ಗಂಟೆ ದಾರಿಯ ಬಾಗೇಪಲ್ಲಿಯಲ್ಲಿ ಅದೇ ಪೆಟ್ಟಿಗೆಯಿಂದ ಸುದೀಪ್ ಕನ್ನಡದಲ್ಲಿ ಹೇಳುವುದನ್ನು ಬರುವಾಗ ಕೇಳಿದ್ದೆ. ಇಬ್ಬರು ನಟರ ದನಿಯ ನಡುವೆ ರಾಜ್ಯದ ಗಡಿ!

ಯಾವುದನ್ನು ಚಿಟಿಕೆಯಷ್ಟು ಕೊಳ್ಳಬೇಕು, ಯಾವುದನ್ನು ವರ್ಷಕ್ಕಾಗುವಷ್ಟು ಕೊಳ್ಳಬೇಕು ಎಂಬುದರಲ್ಲಿ ಅಮ್ಮನಿಗೆ ಒಂದು ಕ್ಷಣದ ಅನುಮಾನವೂ ಇಲ್ಲ. ಹುಣಸೆ, ಒಣಮೆಣಸಿನಕಾಯಿ, ರಾಗಿ, ಕಡಲೆಬೀಜ ವರ್ಷದ್ದು. ಮೆಣಸಿನಪುಡಿಗೆ ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು. ಎರಡನ್ನೂ ಒಂದೇ ಮೊರದಲ್ಲಿ ಬಿಸಿಲಿಗೆ ಹಾಕಿ ಒಂದೇ ಗಿರಣಿಗೆ ಕಳಿಸುತ್ತಾರೆ. ತರಕಾರಿ ಸಂತೆಯದ್ದು, ವಾರಕ್ಕೆ. ಹಾಲು ಮನೆಯದ್ದು; ಹಸು ಬತ್ತಿದ ತಿಂಗಳಲ್ಲಿ ಮಾತ್ರ ಪ್ಯಾಕೆಟ್ಟು. ಶಾಂಪೂ ಎಂದಿಗೂ ಬಾಟಲಿ ಅಲ್ಲ.

‘ಬಾಟ್ಲಿ ತಂದ್ರೆ ಹುಡ್ಗ್ರು ನೀರು ಸುರ್ಕಂಡಂಗೆ ಸುರ್ಕಂತಾರೆ. ಪಾಕೆಟ್ಟಾದ್ರೆ ತಲೆಗೊಂದು. ಕೈಗೆ ಲೆಕ್ಕ ಸಿಗ್ತದೆ.’

ಈ ಪ್ಯಾಕೆಟ್ಟಿನ ಹುಟ್ಟೂರು ದೂರದ್ದಲ್ಲ. ತಮಿಳುನಾಡಿನ ಕಡಲೂರಿನ ಚಿನ್ನಿ ಕೃಷ್ಣನ್ ಶಾಂಪೂವನ್ನು ಸಣ್ಣ ಪೊಟ್ಟಣಕ್ಕೆ ತುಂಬಿ ಮಾರುವ ದಾರಿ ತೋರಿಸಿದವರು. ಅವರ ಮಗ ಸಿ.ಕೆ. ರಂಗನಾಥನ್ 1983ರಲ್ಲಿ ಹದಿನೈದು ಸಾವಿರ ರೂಪಾಯಿ ಹಿಡಿದು ಚಿಕ್ ಶಾಂಪೂ ಶುರು ಮಾಡಿದರು. ಸಮುದ್ರದಾಚೆ ಫಿಲಿಪ್ಪೀನ್ಸಿನಲ್ಲೂ ಮನೆ ಮುಂದಿನ ಕೋಣೆಯನ್ನೇ ಅಂಗಡಿ ಮಾಡಿಕೊಂಡ ಸರಿ-ಸರಿ ಎಂಬ ಚಿಲ್ಲರೆ ಮಳಿಗೆಗಳು ಹತ್ತು ಲಕ್ಷಕ್ಕೂ ಮಿಕ್ಕಿವೆ. ಅಲ್ಲಿನ ತಾಯಂದಿರೂ ಒಂದು ಎಸಳು ಬೆಳ್ಳುಳ್ಳಿ, ಒಂದು ಊಟಕ್ಕೆ ಬೇಕಾದಷ್ಟು ಎಣ್ಣೆ, ಒಂದು ತಲೆಯ ಶಾಂಪೂ ಕೊಳ್ಳುತ್ತಾರೆ. ದಿನಗೂಲಿ ಬರುವ ಮನೆ ದಿನದಷ್ಟೇ ಕೊಳ್ಳುತ್ತದೆ, ಮನಿಲಾದಲ್ಲೂ ಚಿಲಮತ್ತೂರಿನಲ್ಲೂ. ಬಡವರಿಗೆ ಉಳಿತಾಯದ ಬುದ್ಧಿ ಇಲ್ಲ, ದೊಡ್ಡ ಬಾಟಲಿ ಅಗ್ಗ ಎಂದು ತಿಳಿಯುವುದಿಲ್ಲ ಎಂದು ಓದಿದವರು ಸಭೆಗಳಲ್ಲಿ ಮಾತಾಡುವುದನ್ನು ಕೇಳಿದ್ದೇನೆ. ಅವರು ಅಮ್ಮನ ಜೊತೆ ಒಮ್ಮೆ ಅಂಗಡಿಗೆ ಹೋಗಿಬರಬೇಕು.

ಆದರೆ ಅಂಗಡಿಯ ಹಿಂದಿನ ಚರಂಡಿಯಲ್ಲಿ ಆ ಹೊಳೆಯುವ ಚೂರುಗಳೆಲ್ಲ ಕೂಡಿ ನೀರು ಕಟ್ಟಿತ್ತು. ಫಿಲಿಪ್ಪೀನ್ಸಿನಲ್ಲಿ ದಿನವೊಂದಕ್ಕೆ ಸುಮಾರು ಹದಿನಾರು ಕೋಟಿ ಪೊಟ್ಟಣ ಬಳಸಿ ಎಸೆಯುತ್ತಾರೆ ಎಂದು 2019ರಲ್ಲಿ ಅಲ್ಲಿನ ಪರಿಸರ ಸಂಘಟನೆಗಳು ಲೆಕ್ಕ ಹಾಕಿದ್ದವು. ಸೇರಿನಲ್ಲಿ ಪುರಿ ಅಳೆದು ಕೊಡುವ ಕೈಗೆ ಶಾಂಪೂ ಅಳೆದು ಕೊಡುವುದೂ ಬರುತ್ತದೆ. ತಯಾರಿಸುವವರು ಅದಕ್ಕೆ ಮನಸ್ಸು ಮಾಡಬೇಕು. ಚರಂಡಿ ಬಳಿಯುವ ಕೆಲಸವನ್ನು ಅಮ್ಮನ ಲೆಕ್ಕಕ್ಕೆ ಹಾಕುವುದು ನ್ಯಾಯವಲ್ಲ.

ಎಣ್ಣೆಯ ಸಂಗತಿ ನನ್ನನ್ನು ಇನ್ನೂ ಹೆಚ್ಚು ಬೆರಗುಗೊಳಿಸಿತು. ಇದು ಕಡಲೆಕಾಯಿಯ ನಾಡು. ಸಜ್ಜೆ, ನವಣೆ ಬೆಳೆಯುತ್ತಿದ್ದ ಹೊಲಗಳನ್ನೆಲ್ಲ ಕಡಲೆಕಾಯಿ ನುಂಗಿಕೊಂಡಿತು. ಹತ್ತಿರದ ಕದಿರಿಯ ಸಂಶೋಧನಾ ಕೇಂದ್ರದಿಂದ ಬಂದ ತಳಿಗಳು ದೇಶದ ಬೇರೆ ಕಡೆಗಳಲ್ಲೂ ಹೆಸರು ಮಾಡಿವೆ. ಅದರಲ್ಲೊಂದರ ಹೆಸರೇ ಕದಿರಿ ಲೇಪಾಕ್ಷಿ. ಅಮ್ಮನ ಅಡುಗೆಕಟ್ಟೆಯ ಮೇಲೆ ಮಾತ್ರ ಎರಡು ಡಬ್ಬ. ಸಣ್ಣದರಲ್ಲಿ ಮನೆಯ ಕಡಲೆಬೀಜವನ್ನು ಗಾಣಕ್ಕೆ ಕೊಟ್ಟು ತಂದ ಎಣ್ಣೆ: ಉಪ್ಪಿನಕಾಯಿಗೆ, ಒಗ್ಗರಣೆಗೆ, ಅಜ್ಜಿಯ ಸಂಗಟಿಯ ಮೇಲೆ ಒಂದು ಚಮಚ. ದೊಡ್ಡದರಲ್ಲಿ ಕರಿಯುವುದಕ್ಕೆ ಪಾಮೋಲಿನ್. ಪ್ಯಾಕೆಟ್ಟಿನ ಆ ಎಣ್ಣೆಯ ಬೇರು ಇಂಡೋನೇಷ್ಯಾದ, ಮಲೇಷ್ಯಾದ ತಾಳೆ ತೋಟಗಳಲ್ಲಿದೆ. ಭಾರತ ಉಣ್ಣುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶದ್ದು. 2022ರಲ್ಲಿ ಉಕ್ರೇನಿನ ಯುದ್ಧದಿಂದ ಸೂರ್ಯಕಾಂತಿ ಎಣ್ಣೆ ಏರಿತು. ಏಪ್ರಿಲ್ 28ರಂದು ಇಂಡೋನೇಷ್ಯಾ ತಾಳೆಎಣ್ಣೆಯ ರಫ್ತು ನಿಲ್ಲಿಸಿತು. ಮೇ 23ಕ್ಕೆ ಮತ್ತೆ ಬಿಟ್ಟಿತು. ಆ ದಿನಗಳನ್ನು ಅಮ್ಮ ತಾರೀಖಿನಿಂದಲ್ಲ, ಮೊಮ್ಮಗುವಿನ ನಾಮಕರಣದಿಂದ ನೆನಪಿಟ್ಟಿದ್ದಾರೆ. ‘ವಡೆ ಬಿಟ್ಟು ಉಗ್ಗಾಣಿ ಮಾಡಿಸಿದ್ವಿ. ಎಲ್ಲೋ ಯುದ್ಧ ಅಂತೆ, ನಮ್ ಬಾಣ್ಲಿ ಆರೋಯ್ತು.’ ಜಕಾರ್ತಾದಲ್ಲಿ ಹಾಕಿದ ಒಂದು ಸಹಿ ಚಿಲಮತ್ತೂರಿನ ನಾಮಕರಣದ ಎಲೆಯನ್ನು ಬದಲಿಸಿತು.

ಕಡಲೆಕಾಯಿ ನಾಡಿನವರು ಕಡಲೆಎಣ್ಣೆಯನ್ನು ಚಮಚದಲ್ಲಿ ಬಳಸಬೇಕಾದ್ದನ್ನು ಕಂಡು ನನಗೆ ನೋವಾಯಿತು. ಮಳೆ ಕೈಕೊಟ್ಟ ವರ್ಷಗಳು, ಬೀಜದ ಬೆಲೆ, ಕೂಲಿ ಎಲ್ಲ ಕೂಡಿ ಹೊಲ ಸಣ್ಣದಾಗುತ್ತಾ ಬಂದಿದೆ. ಅದರ ಮೇಲೆ 2009ರ ಆಸುಪಾಸಿನಲ್ಲಿ ಒಂದು ದೊಡ್ಡ ಯೋಜನೆಗೆಂದು ಚಿಲಮತ್ತೂರು, ಗೋರಂಟ್ಲ ಮಂಡಲಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಎಕರೆ ಗುರುತಿಸಿದರು. ಜ್ಞಾನನಗರಿ ಬರುತ್ತದೆ, ಮಕ್ಕಳಿಗೆಲ್ಲ ಕೆಲಸ ಎಂದರು. ಆ ನಗರಿ ಏಳಲಿಲ್ಲ. ಮಗ ಈಗ ಹಿಂದೂಪುರದ ತೂಮಕುಂಟೆಯ ಕಾರ್ಖಾನೆಗೆ ಪಾಳಿ ಕೆಲಸಕ್ಕೆ ಹೋಗುತ್ತಾನೆ. ತಿಂಗಳ ಸಂಬಳದ ಮನೆಯಾಗುತ್ತಾ, ಮಳೆಯ ಮನೆಯೂ ಆಗಿ ಉಳಿದಿರುವ ಕುಟುಂಬ ಇದು.

ಒಂದು ಮಧ್ಯಾಹ್ನ ಅಮ್ಮ ತಲೆ ಬಾಚಿಕೊಂಡು, ಬಾಚಣಿಗೆಗೆ ಬಂದ ಕೂದಲನ್ನು ಬೆರಳಿಗೆ ಸುತ್ತಿ ಉಂಡೆ ಮಾಡಿ ಗೋಡೆಯ ಗೂಡಿನ ಡಬ್ಬಕ್ಕೆ ತುರುಕಿದರು. ನಮ್ಮಲ್ಲಿ ಬಾಳೆಬುಡಕ್ಕೆ ಎಸೆಯುತ್ತೇವೆ. ‘ಇದ್ಯಾಕಮ್ಮಾ?’ ಎಂದೆ. ಬೀದಿಯಲ್ಲಿ ಬೈಕಿನ ಮೇಲೆ ಮೈಕು ಕಟ್ಟಿಕೊಂಡು ಬರುವವನಿಗೆ ಕೊಡುವುದಕ್ಕೆ. ಕೂದಲು ತೂಗಿಸಿ ಸ್ಟೀಲ್ ಲೋಟವೋ, ಜರಡಿಯೋ, ಪಿನ್ನುಗಳೋ ತಗೊಳ್ಳುತ್ತಾರೆ. ಈಚೆಗೆ ದುಡ್ಡೇ ಕೊಡುತ್ತಾರೆ. ಆ ಉಂಡೆ ಮುಂದೆ ಎಲ್ಲಿಗೆ ಹೋಗುತ್ತದೆ ಎಂಬುದು ನನಗೆ ಗೊತ್ತಿತ್ತು. ಅಂಥದ್ದೊಂದು ಡಬ್ಬವನ್ನು ಕಣ್ಣಾರೆ ಕಂಡದ್ದು ಮೊದಲ ಸಲ. ನಮ್ಮ ಕೊಪ್ಪಳದ ಮಗ್ಗುಲಿನ ಭಾಗ್ಯನಗರದಂಥ ಊರುಗಳಲ್ಲಿ ಕೂದಲು ಬಿಡಿಸಿ, ಹದಮಾಡಿ, ಉದ್ದಕ್ಕೆ ತಕ್ಕಂತೆ ವಿಂಗಡಿಸುವುದೇ ಒಂದು ಉದ್ಯಮ. ಭಾರತದ ಮನೆಮನೆಯ ಈ ಉಂಡೆಗಳ ದೊಡ್ಡ ಪಾಲು ಮ್ಯಾನ್ಮಾರ್‌ ಸೇರಿ, ಅಲ್ಲಿನ ಪ್ಯಾವ್‌ಬ್ವೆ ಎಂಬ ಊರಿನ ಹೆಣ್ಣುಮಕ್ಕಳ ಕೈಯಲ್ಲಿ ಎಳೆಯೆಳೆಯಾಗಿ ಬಿಚ್ಚಿಕೊಂಡು, ಚೀನಾದ ವಿಗ್ ಕಾರ್ಖಾನೆಗಳಿಗೆ ಹೋಗುತ್ತಿತ್ತು. ಬ್ರಿಟನ್ನಿನ ಮಾನವಶಾಸ್ತ್ರಜ್ಞೆ ಎಮ್ಮಾ ಟಾರ್ಲೋ ಈ ಜಾಡನ್ನು ಹಿಡಿದು ಓಡಾಡಿ 2016ರಲ್ಲಿ ಪುಸ್ತಕವನ್ನೇ ಬರೆದರು. ಕಳ್ಳಸಾಗಣೆ ತಡೆಯಲು 2022ರ ಜನವರಿಯಲ್ಲಿ ನಮ್ಮ ಸರ್ಕಾರ ಕೂದಲ ರಫ್ತಿಗೆ ಕಡಿವಾಣ ಹಾಕಿತು.

ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಮ್ಯಾನ್ಮಾರ್ ಎಲ್ಲಿದೆ ಎಂದು ಕೇಳಿದರು. ಬರ್ಮಾ ಎಂದಾಗ ಅಜ್ಜಿ ಜಗಲಿಯಿಂದಲೇ ‘ಬರ್ಮಾ ಟೇಕು!’ ಎಂದು ತಲೆಬಾಗಿಲು ತೋರಿಸಿದರು. ಯಾವ ಕಾಲದಲ್ಲೋ ಅಲ್ಲಿಂದ ಮರ ಬಂತಂತೆ, ಆಮೇಲೆ ಇಲ್ಲಿಂದ ಕೂದಲು ಹೋಯಿತು. ಇಂಡೋನೇಷ್ಯಾದ ಎಣ್ಣೆ, ಬರ್ಮಾದ ಬಾಗಿಲು, ಬ್ಯಾಡಗಿಯ ಕೆಂಪು, ಗುಂಟೂರಿನ ಖಾರ. ಬಂಡೆಗಳ ನಡುವಿನ ಈ ಮಾಳಿಗೆ ಮನೆಯೊಳಗೆ ಕೂತ ನನಗೆ ರೋಮಾಂಚನವಾಯಿತು.

ಸಂಜೆ ಜಗಲಿಯ ಮೇಲೆ ಸೇರುವ ಹೆಂಗಸರ ಮಾತು ಯಾವ ಅರ್ಥಶಾಸ್ತ್ರದ ತರಗತಿಗೂ ಕಡಿಮೆಯಲ್ಲ. ಅವರು ಎರಡು ಸರ್ಕಾರಗಳನ್ನು ರೂಪಾಯಿ ಪೈಸೆಯಲ್ಲಿ ಅಳೆದಿದ್ದಾರೆ. ಇಲ್ಲಿ ಅಜ್ಜಿಗೆ ತಿಂಗಳ ಮೊದಲ ದಿನ ಮನೆಬಾಗಿಲಿಗೇ ನಾಲ್ಕು ಸಾವಿರ ಪಿಂಚಣಿ ತಂದುಕೊಡುತ್ತಾರೆ. ಗೌರಿಬಿದನೂರಿಗೆ ಕೊಟ್ಟ ದೊಡ್ಡ ಮಗಳ ಅತ್ತೆಗೆ ಅಲ್ಲಿ ಅಷ್ಟಿಲ್ಲ. ಆದರೆ 2023ರಿಂದ ಅಲ್ಲಿ ಮನೆಯೊಡತಿಗೆ ಗೃಹಲಕ್ಷ್ಮಿಯ ಎರಡು ಸಾವಿರ. ಇಲ್ಲಿ ವರ್ಷಕ್ಕೆ ಮೂರು ಸಿಲಿಂಡರ್ ಬಿಟ್ಟಿ. ಅಲ್ಲಿ 2023ರ ಜೂನ್ 11ರಿಂದಲೇ ಹೆಂಗಸರಿಗೆ ಬಸ್ಸು ಉಚಿತ. ಆಂಧ್ರದಲ್ಲಿ ಬಸ್ಸು ಉಚಿತವಾದದ್ದು 2025ರ ಆಗಸ್ಟ್ 15ಕ್ಕೆ. ನಡುವಿನ ಎರಡು ವರ್ಷ ಮಗಳು ತವರಿಗೆ ಬರುವಾಗ ಕರ್ನಾಟಕದ ಗಡಿವರೆಗೆ ಬಿಟ್ಟಿಯಾಗಿ ಬಂದು, ಆಮೇಲಿನ ದಾರಿಗೆ ಮಾತ್ರ ದುಡ್ಡು ಕೊಡುತ್ತಿದ್ದಳು. ಪೆಟ್ರೋಲ್ ಆಂಧ್ರದಲ್ಲಿ ದುಬಾರಿ. ಮಗ ಬಾಗೇಪಲ್ಲಿ ಕಡೆ ಹೋದಾಗಲೇ ಬೈಕಿನ ಟ್ಯಾಂಕು ತುಂಬಿಸಿಕೊಂಡು ಬರುತ್ತಾನೆ.

ಅದೇ ಜಗಲಿಯ ಮೇಲೆ ನಾನು ಕೇಳಿದ ಇನ್ನೊಂದು ಮಾತು ಮನಸ್ಸಿನಿಂದ ಹೋಗುವುದಿಲ್ಲ. ಕರ್ನಾಟಕದ ಹಳ್ಳಿಗಳಲ್ಲಿ ಕಿರುಸಾಲದ ವಾರದ ಕಂತಿಗೆ ಹೆದರಿ ಜನ ಮನೆಬಿಟ್ಟು ಹೋಗುವಂತಾಗಿ, 2025ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತಲ್ಲ, ಆ ದಿನಗಳಲ್ಲಿ ಗೌರಿಬಿದನೂರಿನ ಮಗಳು ಫೋನ್ ಮಾಡಿ ಅತ್ತಿದ್ದಳಂತೆ. ಅವಳ ನೆರೆಯವಳಿಗೆ ಸಾಲಿಗರ ಕಾಟ. ಜಾಮೀನಿಗೆ ಇವಳ ಸಹಿಯೂ ಇತ್ತು. ಅಮ್ಮನಿಗೆ ಅದು ಹೊಸದಲ್ಲ. ಆಂಧ್ರದಲ್ಲಿ ಅದೇ ಸಂಕಟಕ್ಕೆ 2010ರ ಅಕ್ಟೋಬರಿನಲ್ಲೇ ಸುಗ್ರೀವಾಜ್ಞೆ ಬಂದಿತ್ತು. ‘ಮನೆ ಬಿಡಬೇಡ. ಕಂತಿನ ಚೀಟಿ ಎಲ್ಲ ಒಂದ್ಕಡೆ ಇಟ್ಕ. ರಾತ್ರಿ ಬಂದ್ರೆ ಬಾಗ್ಲು ತೆಗೀಬೇಡ, ಬೀದಿ ಹೆಂಗಸ್ರನ್ನೆಲ್ಲ ಕರ್ಕ’ ಎಂದು ಮಗಳಿಗೆ ಹೇಳಿದರಂತೆ. ಹದಿನೈದು ವರ್ಷ ಮೊದಲು ಇಲ್ಲಿನ ಸಂಘದ ಹೆಂಗಸರು ಮಾಡಿದ್ದು ಅದನ್ನೇ. ಸರ್ಕಾರಿ ವರದಿಗಳು ಗಡಿ ದಾಟಲು ಎಷ್ಟು ವರ್ಷ ಬೇಕೋ. ಒಬ್ಬ ತಾಯಿಯ ಅನುಭವ ಒಂದು ಫೋನಿನಲ್ಲಿ ದಾಟಿತು. ಡ್ವಾಕ್ರಾ ಎಂದು ಕರೆಯುವ ಇಲ್ಲಿನ ಹೆಂಗಸರ ಸ್ವಸಹಾಯ ಸಂಘಗಳಿಗೆ ಆ ಗಟ್ಟಿತನ ಸುಮ್ಮನೆ ಬಂದದ್ದಲ್ಲ. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ಸಾರಾಯಿ ಅಂಗಡಿ ಮುಚ್ಚಿಸಿದ ಹೆಂಗಸರ ನೆನಪು ಆಂಧ್ರದ ಉದ್ದಕ್ಕೂ ಇನ್ನೂ ಬಿಸಿಯಾಗಿದೆ.

ಲೇಪಾಕ್ಷಿಗೆ ಹೋಗದೆ ಬರಲಾಗುತ್ತದೆಯೇ! ಹೋದೆವು. ಅಚ್ಯುತರಾಯನ ಕಾಲದಲ್ಲಿ ವಿರೂಪಣ್ಣ ಕಟ್ಟಿಸಿದ ಗುಡಿ, ಒಂದೇ ಬಂಡೆಯ ಬಸವಣ್ಣ, ನೆಲ ಮುಟ್ಟದ ಕಂಬ. ಇದನ್ನೆಲ್ಲ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಚಾವಣಿಯ ಚಿತ್ರಗಳಲ್ಲಿನ ಸೀರೆಗಳು. ಪಟ್ಟೆ, ಚೌಕಳಿ, ಹೂಬಳ್ಳಿ, ಸೆರಗಿನ ಸಾಲುಗಳು; ಸುಮಾರು ಐನೂರು ವರ್ಷದ ಹಿಂದಿನ ಹೆಣ್ಣುಮಕ್ಕಳು ಉಟ್ಟದ್ದು ಇವತ್ತೂ ಅಂಗಡಿಯ ಬೀರುವಿನಲ್ಲಿ ಲೇಪಾಕ್ಷಿ ವಿನ್ಯಾಸ ಎಂದು ಮಾರಾಟವಾಗುತ್ತದೆ. ಕತ್ತು ನೋಯುವಷ್ಟು ನೋಡಿ ಹೊರಬಂದರೆ ಪ್ರಾಕಾರದ ಬಂಡೆನೆಲದ ಮೇಲೆ ಕೊರೆದ ದುಂಡನೆಯ ಕಲ್ಲು ತಟ್ಟೆಗಳು. ಒಂದು ದೊಡ್ಡ ವೃತ್ತದೊಳಗೆ ಪಲ್ಯಕ್ಕೆ, ಸಾರಿಗೆ, ಚಟ್ನಿಗೆ ಎಂಬಂತೆ ಪುಟ್ಟ ಗುಳಿಗಳು. ಗುಡಿ ಕಟ್ಟುವಾಗ ಶಿಲ್ಪಿಗಳು ಇವುಗಳಲ್ಲಿ ಉಣ್ಣುತ್ತಿದ್ದರು ಎಂದು ಊರವರ ಮಾತು. ಬಣ್ಣ ಕಲಸುವುದಕ್ಕೆ ಎಂದು ಹೇಳುವವರೂ ಇದ್ದಾರೆ. ಅಮ್ಮ ಸೆರಗು ಸಿಕ್ಕಿಸಿಕೊಂಡು ಕುಕ್ಕರಗಾಲಲ್ಲಿ ಕೂತು ಗುಳಿಗಳ ಮೇಲೆ ಬೆರಳಿಟ್ಟು ನೋಡಿದರು. ‘ಊಟದ್ದೇ. ನೋಡು, ಸಾರಿನ ಕುಳಿ ಎಷ್ಟು ಆಳ ಐತೆ. ಬಣ್ಣಕ್ಯಾಕೆ ಅಷ್ಟು ಆಳ?’ ಎಂದರು. ಇತಿಹಾಸಕಾರರು ಏನೇ ಹೇಳಲಿ, ದಿನವೂ ಬಡಿಸುವವರ ಈ ಸಾಕ್ಷಿಯನ್ನು ನಾನು ನಂಬುತ್ತೇನೆ.

ಅಲ್ಲಿಂದ ಹಿಂದೂಪುರದ ಮಾರ್ಕೆಟ್ ಯಾರ್ಡಿಗೆ. ವರ್ಷದ ಹುಣಸೆ ಕೊಳ್ಳುವ ಕಾಲ. ಒಳಗೆ ಕಾಲಿಡುತ್ತಿದ್ದಂತೆ ಹುಳಿವಾಸನೆಗೆ ಬಾಯಲ್ಲಿ ನೀರೂರಿ ಕಣ್ಣು ಮುಚ್ಚಿಕೊಂಡಿತು. ಸುತ್ತಲೂ ಕೆಂಪು, ಕಂದು, ಕಪ್ಪು ರಾಶಿಗಳು. ಹಳ್ಳಿಗಳಿಂದ, ಗಡಿಯಾಚೆಯ ನಮ್ಮ ತಾಲ್ಲೂಕುಗಳಿಂದ ಬಂದ ಮೂಟೆಗಳು. ತಿಂಗಳುಗಟ್ಟಲೆ ಹೆಂಗಸರು ಜಗಲಿಗಳ ಮೇಲೆ ಕೂತು ಕುಟ್ಟಿ, ನಾರು ಬಿಡಿಸಿ, ಬೀಜ ತೆಗೆದ ಕೆಲಸ ಇಲ್ಲಿ ಕ್ವಿಂಟಾಲಿನ ಲೆಕ್ಕಕ್ಕೆ ಬಂದಿದೆ. ಕರಿಪುಳಿ ಒಂದು ಬಗೆ, ಫ್ಲವರ್ ಇನ್ನೊಂದು. ಬೆಲೆ ಹೆಚ್ಚು ಕರಿಪುಳಿಗೆ. ಅಮ್ಮ ರಾಶಿಯೊಳಗೆ ಕೈಯಿಟ್ಟು ಅಡಿಯಿಂದ ಒಂದು ತುಂಡು ಎತ್ತಿ, ಬೆಳಕಿಗೆ ಹಿಡಿದು, ಹಿಸುಕಿ, ನಾಲಿಗೆಗೆ ಮುಟ್ಟಿಸಿ, ಮುಂದಿನ ರಾಶಿಗೆ ನಡೆದರು. ಸಾಲು ಮುಗಿಯುವವರೆಗೂ ಹೀಗೇ. ಬೆಲೆ ಕೇಳಿದ್ದು ಕೊನೆಯಲ್ಲಿ, ಅದೂ ತೆಲುಗಿನಲ್ಲಿ. ವ್ಯಾಪಾರಿ ಕನ್ನಡದಲ್ಲಿ ಉತ್ತರ ಕೊಟ್ಟ. ಬೆಲೆ ಇಳಿಸಲು ಇಬ್ಬರೂ ಎರಡೂ ಭಾಷೆಯನ್ನು ಖರ್ಚು ಮಾಡಿದರು.

ಮೂಟೆ ತೂಗುವಾಗ ಅಮ್ಮ ನನ್ನ ಕಡೆ ತಿರುಗಿ, ‘ನಿಮ್ ಕಡೆ ವರ್ಷಕ್ಕೆ ಎಷ್ಟು ಕಿಲೋ ಹುಣಸೆ ಬೇಕಾಗ್ತದೆ?’ ಎಂದರು. ನಮ್ಮ ಮಲೆನಾಡಿನ ಹುಳಿಗಳನ್ನು ಹೇಳಿದೆ: ವಾಟೆಹುಳಿ, ಮುರುಗಲು, ಉಪ್ಪಾಗೆ. ಉಪ್ಪಾಗೆಯ ಸಿಪ್ಪೆ ಒಣಗಿಸಿಡುತ್ತೇವೆ, ಬೀಜದಿಂದ ತುಪ್ಪ ತೆಗೆಯುತ್ತೇವೆ, ಮರ ಕಾಡಿನದು, ಯಾರೂ ನೆಡುವುದಿಲ್ಲ ಎಂದೆ. ತೂಗುತ್ತಿದ್ದವನೂ ಕೈ ನಿಲ್ಲಿಸಿ ಕೇಳಿಸಿಕೊಂಡ. ಹುಳಿಯಿಂದ ತುಪ್ಪ ಬರುತ್ತದೆ ಎಂದರೆ ಇಬ್ಬರಿಗೂ ನಂಬಿಕೆಯಿಲ್ಲ. ಅಮ್ಮನ ಕಣ್ಣು ಅರಳಿತ್ತು. ಬೇಳೆಗೆ ಹಾಕುವುದಾ, ಮೀನಿಗಾ, ಎಷ್ಟು ಹೊತ್ತು ನೆನೆಸಬೇಕು, ಬಣ್ಣ ಬಿಡುತ್ತದಾ, ಎಷ್ಟು ವರ್ಷ ಕೆಡದೆ ಇರುತ್ತದೆ, ಕಿಲೋ ಎಷ್ಟು ಎಂದು ಒಂದರ ಹಿಂದೊಂದು ಪ್ರಶ್ನೆ. ಬರುವಾಗ ಐದು ಕಿಲೋ ತಂದುಕೊಡುತ್ತೇನೆ ಎಂದೆ.

‘ಐದು ಕಿಲೋ ಯಾಕೆ? ಮೊದ್ಲು ಒಂದು ಪಾವು ತಾ. ಸಾರಿಗೆ ಹಾಕಿ ನೋಡ್ತೀನಿ, ಅಜ್ಜಿ ಉಂಡ್ರೆ ಆಮೇಲೆ ಬೆಲೆ ಮಾತಾಡನ’ ಎಂದು, ಹುಣಸೆ ಮೂಟೆಯ ಬಾಯಿ ಹೊಲಿಯುವ ಮೊದಲು ಇನ್ನೊಂದು ಹಿಡಿ ಹಾಕುವಂತೆ ವ್ಯಾಪಾರಿಗೆ ಕೈಸನ್ನೆ ಮಾಡಿದರು.